ಕಾಗದ ಕಾಗದಕ್ಕೆ ಜಗಳ ಬಿದ್ದಾಗ

ಇವತ್ತಿನ ಮಾತು ರಾಜಕೀಯದ್ದಲ್ಲ. ಆದ್ರೆ ನಿಮ್ಮೂರಿನ ಶಾಲೆ, ಚರಂಡಿ, ಕಾಲುವೆ, ಸೇತುವೆ ಎಲ್ಲದಕ್ಕೂ ಸಂಬಂಧಪಟ್ಟಿದ್ದು. ಒಂದು ಚೆಕ್‌ನಿಂದ ಶುರು ಮಾಡ್ತೀನಿ.

ಚೆಕ್ ಮೇಲೆ ಅಂಕಿಯಲ್ಲಿ 50,000 ಅಂತ ಇದೆ. ಅಕ್ಷರದಲ್ಲಿ ಹದಿನೈದು ಸಾವಿರ ಅಂತ ಇದೆ. ಯಾವುದು ಖರೆ? ಬ್ಯಾಂಕಿನವರು ಅದನ್ನು ವಾಪಸ್ ಕಳಿಸಬಹುದು, ಆ ಮಾತು ಬೇರೆ. ಕಾನೂನು ಮಾತ್ರ ಸ್ಪಷ್ಟವಾಗಿದೆ. 1881ರ ನೆಗೋಶಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಕಲಂ ಪ್ರಕಾರ ಅಕ್ಷರ ಗೆಲ್ಲುತ್ತೆ, ಅಂಕಿ ಸೋಲುತ್ತೆ.

ಇನ್ನೊಂದು. ಖರೀದಿ ಪತ್ರದಲ್ಲಿ ನಾಲ್ಕು ಎಕರೆ ಅಂತ ಬರೆದಿದೆ. ಚೆಕ್ಕುಬಂದಿ ಹಿಡಿದು ಅಳೆದ್ರೆ ಮೂರೂವರೆ ಎಕರೆ ಬರುತ್ತೆ. ಇಂಥಲ್ಲಿ ನ್ಯಾಯಾಲಯಗಳು ಸಾಮಾನ್ಯವಾಗಿ ಚೆಕ್ಕುಬಂದಿಯನ್ನೇ ಹಿಡೀತವೆ. ನಮ್ಮ ರೈತರಿಗೆ ಇದು ಹೇಳಿಕೊಡಬೇಕಾದ್ದಲ್ಲ.

ಮತ್ತೊಂದು. ಅಜ್ಜ ಬರೆದ ಮರಣಶಾಸನದಲ್ಲಿ ಮೂರನೇ ಸಾಲು ಒಂದು ಹೇಳುತ್ತೆ, ಹತ್ತನೇ ಸಾಲು ತದ್ವಿರುದ್ಧ ಹೇಳುತ್ತೆ. ಎರಡನ್ನೂ ಹೊಂದಿಸೋಕೆ ಆಗೋದಿಲ್ಲ ಅಂದ್ರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 88ನೇ ಕಲಂ ಪ್ರಕಾರ ಕೊನೆಯ ಮಾತು ನಡೆಯುತ್ತೆ. ಆದ್ರೆ ಅದೇ ಗೊಂದಲ ಜಮೀನಿನ ಕರಾರುಪತ್ರದಲ್ಲಿದ್ರೆ? ಉಲ್ಟಾ. 1950ರ ದಶಕದ ಕೊನೆಯಲ್ಲಿ ಬಂಗಾಳದ ರಾಧಾ ಸುಂದರ್ ದತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಎರಡಕ್ಕೂ ಅರ್ಥ ಉಳಿಸೋಕೆ ಸಾಧ್ಯವಿಲ್ಲದಿದ್ದರೆ ಮೊದಲು ಬಂದ ಕಲಂ ನಡೆಯುತ್ತೆ, ಆಮೇಲೆ ಬಂದಿದ್ದು ಬಿದ್ದುಹೋಗುತ್ತೆ.

ಅಂದ್ರೆ ಏನಾಯ್ತು? ಕಾಗದದ ಒಳಗೇ ಜಗಳ ಬಿದ್ದಾಗ ಎಲ್ಲ ಕಡೆ ಒಂದೇ ನ್ಯಾಯ ಇಲ್ಲ. ಚೆಕ್‌ಗೆ ಒಂದು, ಹೊಲಕ್ಕೆ ಒಂದು, ಮರಣಶಾಸನಕ್ಕೆ ಒಂದು. ಕಟ್ಟಡದ ಗುತ್ತಿಗೆ ಇವೆಲ್ಲಕ್ಕಿಂತ ಕಷ್ಟ. ಯಾಕಂದ್ರೆ ಅದು ಒಂದು ಕಾಗದವಲ್ಲ, ಕಾಗದಗಳ ಗಂಟು. ಕರಾರುಪತ್ರ, ಷರತ್ತುಗಳು, ಸ್ಪೆಸಿಫಿಕೇಷನ್, ಡ್ರಾಯಿಂಗ್, ದರ ತುಂಬಿದ ಬಿಲ್ ಆಫ್ ಕ್ವಾಂಟಿಟೀಸ್, ಅಂದ್ರೆ ನಮ್ಮ ಸೈಟಿನ ಭಾಷೆಯಲ್ಲಿ ಬಿಓಕ್ಯು. ಒಂದೊಂದನ್ನು ಒಬ್ಬೊಬ್ಬರು, ಬೇರೆ ಬೇರೆ ಮೇಜಿನ ಮೇಲೆ, ಬೇರೆ ಬೇರೆ ತಿಂಗಳಲ್ಲಿ ತಯಾರು ಮಾಡಿರ್ತಾರೆ. ಜಗಳ ಬೀಳದಿದ್ರೇನೇ ಆಶ್ಚರ್ಯ.

ಇದು ನನಗೆ ಕಾಲೇಜಿನಲ್ಲಿ ತಿಳಿದಿದ್ದಲ್ಲ. ಬೈಲಹೊಂಗಲದ ಎರೆ ಮಣ್ಣಿನಲ್ಲಿ ತಿಳಿದಿದ್ದು.

2012. ಇಂಜಿನಿಯರಿಂಗ್ ಮುಗಿಸಿ ಒಂದು ವರ್ಷವಾಗಿತ್ತು. ಟಿವಿ ಇನ್ನೂ ಕನಸಲ್ಲೂ ಇರಲಿಲ್ಲ. ಸವದತ್ತಿ ಕಡೆಯ ಒಬ್ಬ ಸಣ್ಣ ಗುತ್ತಿಗೆದಾರರ ಹತ್ತಿರ ನಾನು ಸೈಟ್ ಇಂಜಿನಿಯರ್. ಅವರನ್ನು ಎಲ್ಲರೂ ಕಾಕಾ ಅಂತಿದ್ದರು. ಬೈಲಹೊಂಗಲ ತಾಲೂಕಿನ ಒಂದು ಹಳ್ಳಿಯಲ್ಲಿ ಮೂರು ಶಾಲಾ ಕೊಠಡಿ ಕಟ್ಟುವ ಕೆಲಸ ಸಿಕ್ಕಿತ್ತು. ಡ್ರಾಯಿಂಗ್‌ನಲ್ಲಿ ಪಾಯದ ಆಳ 1.2 ಮೀಟರ್. ಅದು ಆ ಹಳ್ಳಿಗೆ ಅಂತ ಬರೆದ ಡ್ರಾಯಿಂಗ್ ಅಲ್ಲ, ಎಲ್ಲ ಕಡೆ ಹಚ್ಚುವ ಮಾದರಿ ಡ್ರಾಯಿಂಗ್. ಬಿಓಕ್ಯುದಲ್ಲಿ ಅಗೆತ, ಕಲ್ಲು ಕಟ್ಟಡ ಎಲ್ಲದರ ಪ್ರಮಾಣ ಆ 1.2 ಮೀಟರ್ ಲೆಕ್ಕದಲ್ಲೇ ಇತ್ತು. ಸ್ಪೆಸಿಫಿಕೇಷನ್ ಮಾತ್ರ ಬೇರೆ ಹೇಳ್ತಿತ್ತು: ಗಟ್ಟಿ ನೆಲ ಸಿಗುವವರೆಗೆ ಪಾಯ ತೆಗೆಯಬೇಕು.

ನಮ್ಮ ನಾಲ್ಕು ತಾಲೂಕು ನೋಡಿದವರಿಗೆ ಇದರ ಕಷ್ಟ ಗೊತ್ತಾಗುತ್ತೆ. ಕಿತ್ತೂರಿನ ಕಡೆ ಹೋದ್ರೆ ಮಲೆನಾಡಿನ ಅಂಚು, ಕೆಂಪು ನೆಲ. ಸವದತ್ತಿ ಗುಡ್ಡ, ನವಿಲುತೀರ್ಥದ ಕಣಿವೆ, ರಾಮದುರ್ಗದ ಕಡೆ ಬಂಡೆಗಲ್ಲು. ಬೈಲಹೊಂಗಲದ ಬಯಲು, ಸವದತ್ತಿಯ ಬಯಲು ಎರೆ ಭೂಮಿ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಡುತ್ತೆ. ಪಾಯ ಆ ಪದರದಲ್ಲೇ ನಿಂತರೆ ಗೋಡೆಯೂ ಅದರ ಜೊತೆ ಏಳುತ್ತೆ, ಇಳಿಯುತ್ತೆ, ಸೀಳುತ್ತೆ. ಒಂದೇ ಮಾದರಿ ಡ್ರಾಯಿಂಗ್ ಈ ನಾಲ್ಕೂ ನೆಲಕ್ಕೆ ಹೇಗೆ ಹೊಂದೀತು?

ನಾವು 1.2 ಮೀಟರ್ ತೆಗೆದೆವು. ಎರೆ ಮಣ್ಣೇ ಇತ್ತು. ಇಲಾಖೆಯ ಇಂಜಿನಿಯರ್ ಗುಂಡಿಯ ದಂಡೆ ಮೇಲೆ ನಿಂತು, "ತೆಗೀರಿ, ಗಟ್ಟಿ ಹತ್ತೂತನಕ ತೆಗೀರಿ" ಅಂದ್ರು. ಅವರು ಹೇಳಿದ್ದು ಸರಿಯೇ. ಕಾಕಾ ನನ್ನ ಕಡೆ ತಿರುಗಿ ಕೇಳಿದ್ರು: "ತಮ್ಮಾ, ಕಾಗದದಾಗ ಏನೈತಿ?"

ನಾನು ಎರಡೂ ಕಾಗದ ಓದಿದ್ದೆ. ವ್ಯತ್ಯಾಸ ಇರೋದು ನನಗೆ ಗೊತ್ತಿತ್ತು. ಆದ್ರೂ ಹೇಳಿದ್ದು ಇಷ್ಟು: "ಸಾಹೇಬರ ಹೇಳ್ಯಾರಲ್ರಿ ಕಾಕಾ, ಆಮೇಲೆ ನೋಡೋಣ."

2.7 ಮೀಟರಿಗೆ ಗಟ್ಟಿ ಗರಸು ಸಿಕ್ಕಿತು. ಕಲ್ಲು ಕಟ್ಟಿದೆವು, ಮಣ್ಣು ಮುಚ್ಚಿದೆವು, ಕೊಠಡಿ ಎದ್ದವು. ಬಿಲ್ ಹೋಗುವ ಹೊತ್ತಿಗೆ ಆ ಇಂಜಿನಿಯರ್‌ಗೆ ವರ್ಗಾವಣೆ ಆಗಿತ್ತು. ಹೊಸಬರು ಮೂರು ಪ್ರಶ್ನೆ ಕೇಳಿದ್ರು. ಹೆಚ್ಚು ಆಳಕ್ಕೆ ಲಿಖಿತ ಆದೇಶ ಎಲ್ಲಿ? ಹೆಚ್ಚಿನ ಪ್ರಮಾಣಕ್ಕೆ ಮೊದಲೇ ಅನುಮೋದನೆ ಪಡೆದಿದ್ರಾ? ಅಳತೆ ಪುಸ್ತಕದಲ್ಲಿ ಗುಂಡಿಯ ಆಳ ಯಾರು ಬರೆದಿದ್ದಾರೆ? ಮೂರಕ್ಕೂ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಮುಚ್ಚಿದ ಗುಂಡಿಯ ಆಳ ಅಳೆಯೋದು ಹೇಗೆ? ಬಿಲ್ 1.2 ಮೀಟರಿಗೇ ಪಾಸಾಯ್ತು. ಉಳಿದ ಒಂದೂವರೆ ಮೀಟರ್ ಕಾಕಾನ ಕಿಸೆಯಿಂದ ಹೋಯಿತು. ಎರಡು ವರ್ಷ ಫೈಲ್ ಹಿಡಿದು ಓಡಾಡಿ, ಕೊನೆಗೆ ಕಾಂಕ್ರೀಟ್ ಮಿಕ್ಸರ್ ಮಾರಿದ್ರು.

ಈಗ ಕೇಳಿ. ಕಾಕಾನ ಪಕ್ಷ ಕಾಗದದಲ್ಲಿ ಬಲವಾಗೇ ಇತ್ತು. ಅದು ಹೇಗೆ ಅಂತ ಹೇಳ್ತೀನಿ.

ಕರ್ನಾಟಕದಲ್ಲಿ ಸರ್ಕಾರಿ ಟೆಂಡರ್‌ಗಳು 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ ಕೆಳಗೆ ನಡೆಯುತ್ತವೆ. ಕಾಮಗಾರಿಗೆ ಕೆಡಬ್ಲ್ಯು ಅನ್ನೋ ಸರಣಿಯ ಮಾದರಿ ಟೆಂಡರ್ ದಾಖಲೆಗಳಿವೆ. ದೊಡ್ಡ ಕೆಲಸಕ್ಕೆ ಬಳಸುವ ಕೆಡಬ್ಲ್ಯು-4 ತೆಗೆದು ನೋಡಿ. ಷರತ್ತುಗಳ ಶುರುವಿನಲ್ಲೇ ಒಂದು ಪಟ್ಟಿ ಇದೆ. ಕಾಗದಗಳನ್ನು ಯಾವ ಕ್ರಮದಲ್ಲಿ ಓದಬೇಕು, ಯಾವುದು ಮೇಲೆ, ಯಾವುದು ಕೆಳಗೆ ಅಂತ. ಮೊದಲು ಕರಾರುಪತ್ರ. ಎರಡು, ಅಂಗೀಕಾರ ಪತ್ರ ಮತ್ತು ಕೆಲಸ ಆರಂಭಿಸುವ ಸೂಚನೆ. ಮೂರು, ಗುತ್ತಿಗೆದಾರನ ಬಿಡ್. ನಾಲ್ಕು, ಕಾಂಟ್ರಾಕ್ಟ್ ಡೇಟಾ. ಐದು, ಕರಾರಿನ ಷರತ್ತುಗಳು, ವಿಶೇಷ ಷರತ್ತುಗಳೂ ಸೇರಿ. ಆರು, ಸ್ಪೆಸಿಫಿಕೇಷನ್. ಏಳು, ಡ್ರಾಯಿಂಗ್. ಎಂಟು, ಬಿಓಕ್ಯು. ಕೊನೆಗೆ ಉಳಿದ ಕಾಗದಗಳು.

ಆರು ಸ್ಪೆಸಿಫಿಕೇಷನ್, ಏಳು ಡ್ರಾಯಿಂಗ್. ನಮ್ಮ ಕರಾರಿನಲ್ಲೂ ಕ್ರಮ ಹೀಗೇ ಇತ್ತು. ಡ್ರಾಯಿಂಗ್ 1.2 ಮೀಟರ್ ಅಂದ್ರೂ, ಗಟ್ಟಿ ನೆಲದವರೆಗೆ ಅನ್ನೋ ಸ್ಪೆಸಿಫಿಕೇಷನ್ನೇ ಮೇಲು. ನಾವು ಮಾಡಿದ ಕೆಲಸ ಕರಾರಿನ ಪ್ರಕಾರ ಸರಿಯಾದ ಕೆಲಸವೇ ಆಗಿತ್ತು.

ಆದ್ರೆ ಈ ಕ್ರಮವನ್ನು ಬಾಯಿಪಾಠ ಮಾಡಿ ಎಲ್ಲ ಕಡೆ ಹಚ್ಚಬೇಡಿ. ಕೇಂದ್ರ ಲೋಕೋಪಯೋಗಿ ಇಲಾಖೆಯ, ಅಂದ್ರೆ ಸಿಪಿಡಬ್ಲ್ಯುಡಿಯ ಷರತ್ತುಗಳಲ್ಲಿ ಪಟ್ಟಿ ಬೇರೆಯೇ ಇದೆ. ಅಲ್ಲಿ ಎಲ್ಲಕ್ಕಿಂತ ಮೇಲೆ ಇರೋದು ಪ್ರಮಾಣಪಟ್ಟಿಯ ವಿವರಣೆ. ಆಮೇಲೆ ಆ ಕೆಲಸಕ್ಕಂತಲೇ ಬರೆದ ಸ್ಪೆಸಿಫಿಕೇಷನ್ ಮತ್ತು ವಿಶೇಷ ಷರತ್ತು. ಆಮೇಲೆ ಡ್ರಾಯಿಂಗ್. ಆಮೇಲೆ ಇಲಾಖೆಯ ಸಾಮಾನ್ಯ ಸ್ಪೆಸಿಫಿಕೇಷನ್, ಕೊನೆಗೆ ಭಾರತೀಯ ಮಾನಕ. ಅಂದ್ರೆ ನಮ್ಮ ರಾಜ್ಯದ ಪಟ್ಟಿಯಲ್ಲಿ ಹೆಚ್ಚುಕಡಿಮೆ ತಳದಲ್ಲಿರುವ ಕಾಗದ ದೆಹಲಿಯ ಪಟ್ಟಿಯಲ್ಲಿ ತಲೆ ಮೇಲಿದೆ!

ಉದಾಹರಣೆಗೆ, ಬಿಓಕ್ಯುದಲ್ಲಿ ಕಾಂಕ್ರೀಟ್ ಎಂ-20 ಅಂತಿದೆ, ಡ್ರಾಯಿಂಗ್‌ನಲ್ಲಿ ಎಂ-25 ಅಂತಿದೆ. ರಾಜ್ಯದ ಪಟ್ಟಿ ಹಿಡಿದ್ರೆ ಎಂ-25 ಹಾಕಬೇಕು. ಸಿಪಿಡಬ್ಲ್ಯುಡಿ ಪಟ್ಟಿ ಹಿಡಿದ್ರೆ, ಬೇರೆ ಆದೇಶ ಬರೋವರೆಗೆ ಎಂ-20. ಅದೇ ಎರಡು ಕಾಗದ, ಅದೇ ಜಗಳ, ತೀರ್ಪು ಎರಡು. ಅಂತರರಾಷ್ಟ್ರೀಯ ಕೆಲಸಗಳಲ್ಲಿ ಬಳಸುವ ಫಿಡಿಕ್ ಮಾದರಿಯ 1999ರ ಕೆಂಪು ಪುಸ್ತಕದಲ್ಲೂ ಇಂಥ ಪಟ್ಟಿ 1.5ನೇ ಕಲಂನಲ್ಲಿದೆ. ಅಲ್ಲೂ ಸ್ಪೆಸಿಫಿಕೇಷನ್ ಮೊದಲು, ಡ್ರಾಯಿಂಗ್ ಆಮೇಲೆ, ದರಪಟ್ಟಿ ಅದರ ಕೆಳಗೆ. ಆದ್ರೆ ಆ ಕಲಂ ಪಟ್ಟಿಗೆ ಮೊದಲು ಒಂದು ಮಾತು ಹೇಳುತ್ತೆ: ಈ ಎಲ್ಲ ಕಾಗದಗಳು ಒಂದನ್ನೊಂದು ವಿವರಿಸುತ್ತವೆ ಅಂತ ತಿಳಿದು ಓದಿ.

ಇಡೀ ವಿಷಯದ ತಿರುಳೇ ಇದು. ಪಟ್ಟಿ ಮೊದಲ ಔಷಧಿ ಅಲ್ಲ, ಕೊನೆಯದು. ಮೊದಲು ಕಾಗದಗಳನ್ನು ಕೂಡಿಸಿ ಓದಿ. ಡ್ರಾಯಿಂಗ್‌ನಲ್ಲಿ ಕಿಟಕಿ ಇದೆ, ಸ್ಪೆಸಿಫಿಕೇಷನ್‌ನಲ್ಲಿ ಆ ಕಿಟಕಿಯ ಮಾತೇ ಇಲ್ಲ. ಇದು ಜಗಳ ಅಲ್ಲ, ಮೌನ. ಸುಮ್ಮನಿರುವವನು ವಿರೋಧಿಸಿದ ಹಾಗಲ್ಲ. ಆ ಕಿಟಕಿ ಹಾಕಲೇಬೇಕು. ಎರಡನ್ನೂ ಒಟ್ಟಿಗೆ ಪಾಲಿಸೋದು ಅಸಾಧ್ಯ ಅಂದಾಗ ಮಾತ್ರ ಪಟ್ಟಿಯ ಕಡೆ ನೋಡಬೇಕು.

ಎರಡನೇ ಎಚ್ಚರಿಕೆ. ಪಟ್ಟಿ ಹೇಳೋದು ಏನು ಕಟ್ಟಬೇಕು ಅಂತ. ಅದಕ್ಕೆ ದುಡ್ಡು ಹೇಗೆ ಅಂತ ಹೇಳೋದು ಬೇರೆ ಕಲಂ. ಹೆಚ್ಚಿನ ಪ್ರಮಾಣ, ಬದಲಾದ ಐಟಂ, ಅದರ ದರ, ಅದಕ್ಕೆ ಯಾರ ಅನುಮೋದನೆ, ಇವೆಲ್ಲ ಮಾರ್ಪಾಟಿನ ಕಲಂಗಳಲ್ಲಿ ಇರ್ತವೆ. ಕಾಕಾ ಸೋತಿದ್ದು ಇಲ್ಲಿ. ಕಟ್ಟಿದ್ದು ಸರಿ. ಕೇಳಿ ಕಟ್ಟಲಿಲ್ಲ.

ಮೂರನೇ ಎಚ್ಚರಿಕೆ ಜೀವದ ಬಗ್ಗೆ. ಪಟ್ಟಿಯಲ್ಲಿ ಗೆದ್ದ ಕಾಗದವೇ ತಪ್ಪಾಗಿರಬಹುದು. ರಾಮದುರ್ಗವನ್ನೇ ತಗೊಳ್ಳಿ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಊರೊಳಗೆ ಬಂದಿದ್ದನ್ನು ನಾವೆಲ್ಲ ನೋಡಿದ್ದೀವಿ. ಆ ದಂಡೆಯಲ್ಲಿ ಒಂದು ಸಣ್ಣ ಸೇತುವೆ ಕಟ್ಟಬೇಕು ಅಂತ ಇಟ್ಕೊಳ್ಳಿ. ಡ್ರಾಯಿಂಗ್‌ನಲ್ಲಿ ಗುರುತು ಮಾಡಿದ ಪ್ರವಾಹ ಮಟ್ಟ ಆ ಆಗಸ್ಟ್‌ಗಿಂತ ಮುಂಚಿನದ್ದಾದ್ರೆ? ಇಲ್ಲಿ ಪಟ್ಟಿ ಏನೂ ಹೇಳೋದಿಲ್ಲ, ನದಿ ಹೇಳುತ್ತೆ. ಕಾಂಕ್ರೀಟಿನ ವಿಷಯವೂ ಹಾಗೇ. ಐಎಸ್ 456, 2000ನೇ ಇಸವಿಯ ಮಾನಕ, ಬಲವರ್ಧಿತ ಕಾಂಕ್ರೀಟಿಗೆ ಪರಿಸರ ನೋಡಿ ಕನಿಷ್ಠ ದರ್ಜೆ ಹೇಳುತ್ತೆ. ಸೌಮ್ಯ ಪರಿಸರಕ್ಕೆ ಎಂ-20, ಮಧ್ಯಮಕ್ಕೆ ಎಂ-25, ಒಮ್ಮೆ ನೆನೆದು ಒಮ್ಮೆ ಒಣಗುವಂಥ ತೀವ್ರ ಪರಿಸರಕ್ಕೆ ಎಂ-30. ಹೊಳೆಯ ನೀರು ಏರಿ ಇಳಿಯುವ ಕಡೆ ಬಿಓಕ್ಯುದಲ್ಲಿ ಎಂ-20 ಅಂತ ಬರೆದಿದ್ರೆ, ಅದು ಯಾವ ಪಟ್ಟಿಯಲ್ಲಿ ಎಷ್ಟೇ ಮೇಲಿದ್ರೂ, ಕೆಲಸ ನಿಲ್ಲಿಸಿ ವಿನ್ಯಾಸ ಮಾಡಿದವರನ್ನು ಕೇಳಬೇಕು. ಇದು ಕಾಗದ ಗೆಲ್ಲಿಸುವ ಆಟ ಅಲ್ಲ.

ಸಣ್ಣಪುಟ್ಟ ರೂಢಿ ನಿಯಮಗಳೂ ಇವೆ. ಡ್ರಾಯಿಂಗ್‌ನಲ್ಲಿ ಬರೆದ ಅಳತೆಯನ್ನು ನಂಬಿ, ಸ್ಕೇಲ್ ಇಟ್ಟು ಅಳೆದಿದ್ದನ್ನಲ್ಲ. ಇಡೀ ಕಟ್ಟಡ ತೋರಿಸುವ ಚಿತ್ರಕ್ಕಿಂತ ಒಂದು ಭಾಗವನ್ನು ದೊಡ್ಡದು ಮಾಡಿ ತೋರಿಸುವ ಚಿತ್ರ ಹೆಚ್ಚು ನಂಬಿಕೆಗೆ ಅರ್ಹ. ಸಾಮಾನ್ಯ ಷರತ್ತಿಗಿಂತ ವಿಶೇಷ ಷರತ್ತು ಮೇಲು. ಹಳೆಯ ಡ್ರಾಯಿಂಗ್‌ಗಿಂತ ಹೊಸ ಪರಿಷ್ಕರಣೆ ಮೇಲು. ಸವದತ್ತಿಯ ಬಯಲಿನಲ್ಲಿ ಕಾಲುವೆ ಲೈನಿಂಗ್ ಮಾಡೋವಾಗ ಸೈಟಿನ ಶೆಡ್ಡಿನಲ್ಲಿ ತೂಗುಹಾಕಿದ ಡ್ರಾಯಿಂಗ್ ಎಷ್ಟನೇ ಪರಿಷ್ಕರಣೆ ಅಂತ ನೋಡದೆ ಸಲಿಕೆ ಮುಟ್ಟಬೇಡಿ. ಆದ್ರೆ ಇವೆಲ್ಲ ಕರಾರು ಬೇರೆ ಹೇಳದಿದ್ದಾಗ ಮಾತ್ರ.

ಸರಿ, ಪಟ್ಟಿ ಇದೆ, ಜಗಳ ಇದೆ. ತೀರ್ಪು ಹೇಳೋರು ಯಾರು?

ಇಲ್ಲಿ ನಾನು ಸ್ವಲ್ಪ ಕಿತ್ತೂರಿಗೆ ಹೋಗ್ತೀನಿ. 1824ರ ಸೆಪ್ಟೆಂಬರ್. ಕಿತ್ತೂರಿನ ದೇಸಾಯಿ ಶಿವಲಿಂಗರುದ್ರ ಸರ್ಜ ತೀರಿಕೊಂಡ್ರು. ದತ್ತು ತಗೊಂಡ ಬಗ್ಗೆ ಕಾಗದ ಇತ್ತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ಕಾಗದವನ್ನೇ ಅನುಮಾನಿಸಿದ, ದತ್ತಕವನ್ನು ಒಪ್ಪಲಿಲ್ಲ. ಆ ಅನುಮಾನ ಸರಿಯೋ ತಪ್ಪೋ ಅನ್ನೋದು ಇತಿಹಾಸಕಾರರಿಗೆ ಬಿಡೋಣ. ನನ್ನ ಪ್ರಶ್ನೆ ಬೇರೆ. ದತ್ತಕ ಬಿದ್ದುಹೋದ್ರೆ ಸಂಸ್ಥಾನ ಯಾರ ಕೈಗೆ ಹೋಗುತ್ತೆ? ಕಂಪನಿ ಕೈಗೆ. ಕಾಗದ ಖರೆಯೋ ಸುಳ್ಳೋ ಅಂತ ತೀರ್ಮಾನಿಸಿದ್ದು ಯಾರು? ಅದೇ ಕಂಪನಿಯ ಅಧಿಕಾರಿ. ಮುಂದಿನದು ನಿಮಗೆಲ್ಲ ಗೊತ್ತು. ಅಕ್ಟೋಬರ್ 23ರಂದು ಥ್ಯಾಕರೆ ಕಿತ್ತೂರಿನ ಕೋಟೆ ಮುಂದೆ ಸತ್ತ. ಲಾಭ ಪಡೆಯುವವನೇ ನ್ಯಾಯಾಧೀಶ ಆದಾಗ ಕಾಗದದ ಜಗಳ ಕಾಗದದಲ್ಲಿ ಮುಗಿಯೋದಿಲ್ಲ.

ಗುತ್ತಿಗೆ ಕರಾರಿನಲ್ಲೂ ಇದೇ ಇಕ್ಕಟ್ಟು ಬೇರೆ ರೂಪದಲ್ಲಿದೆ. ಸಿಪಿಡಬ್ಲ್ಯುಡಿ ಷರತ್ತುಗಳ ಪ್ರಕಾರ ಒಂದೇ ಕಾಗದದ ಒಳಗೆ ವಿರೋಧ ಇದ್ರೆ ಅದರ ಅರ್ಥ ಹೇಳೋದು ಟೆಂಡರ್ ಒಪ್ಪಿದ ಅಧಿಕಾರಿಯೇ. ದಿನದ ಕೆಲಸ ನಿಲ್ಲಬಾರದು, ಯಾರಾದ್ರೂ ಒಬ್ಬರು ಹೇಳಲೇಬೇಕು, ಅದು ಒಪ್ಪತಕ್ಕದ್ದೇ. ಆದ್ರೆ ಅದಕ್ಕೂ ಮಿತಿ ಇದೆ. ಆ ಮಿತಿ ಹಾಕಿದ್ದು ನಮ್ಮದೇ ರಾಜ್ಯದ ಒಂದು ಪ್ರಕರಣ. 1987ರಲ್ಲಿ ತೀರ್ಥಹಳ್ಳಿಯ ರಾಮೇಶ್ವರ ರೈಸ್ ಮಿಲ್ ವಿರುದ್ಧ ಕರ್ನಾಟಕ ಸರ್ಕಾರ ಸುಪ್ರೀಂ ಕೋರ್ಟಿನಲ್ಲಿ ವಾದಿಸಿತು: ಕರಾರು ಮುರಿದಿದ್ದಾರೋ ಇಲ್ಲವೋ ಅಂತ ನಮ್ಮ ಅಧಿಕಾರಿಯೇ ತೀರ್ಮಾನಿಸಬಹುದು ಅಂತ. ಕೋರ್ಟ್ ಒಪ್ಪಲಿಲ್ಲ. ಕರಾರು ಮುರಿದಿದ್ದು ಇಬ್ಬರೂ ಒಪ್ಪಿದ್ರೆ ನಷ್ಟದ ಲೆಕ್ಕ ಅಧಿಕಾರಿ ಹಾಕಲಿ, ಮುರಿದಿದ್ದೇ ವಿವಾದ ಆದ್ರೆ ಒಬ್ಬ ಪಕ್ಷಗಾರ ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶ ಆಗೋಕೆ ಬರೋದಿಲ್ಲ ಅನ್ನೋದು ಆ ತೀರ್ಪಿನ ಸಾರ.

ಹಾಗಾದ್ರೆ ಕೋರ್ಟಿಗೆ ಹೋಗೋಣ್ವಾ? ಹೋಗಬಹುದು. 1872ರ ಕರಾರು ಕಾಯ್ದೆಯ 70ನೇ ಕಲಂ ಇದೆ. ಪುಕ್ಕಟೆ ಅನ್ನೋ ಉದ್ದೇಶ ಇಲ್ಲದೆ ಒಬ್ಬ ಮಾಡಿದ ಕೆಲಸದ ಲಾಭ ಇನ್ನೊಬ್ಬ ಪಡೆದ್ರೆ ಪರಿಹಾರ ಕೊಡಬೇಕು ಅನ್ನೋ ತತ್ವ ಅದು. ಕೃಷ್ಣಾ ಕೊಳ್ಳದ ಕೆಲಸದ್ದೇ ಒಂದು ಪ್ರಕರಣ ಕೂಡ ಇದೆ. ಕೃಷ್ಣಾ ಭಾಗ್ಯ ಜಲ ನಿಗಮ ಮತ್ತು ಗುತ್ತಿಗೆದಾರ ಹರಿಶ್ಚಂದ್ರ ರೆಡ್ಡಿ ಅವರ ವ್ಯಾಜ್ಯ. ಕರಾರಿನ 29ನೇ ಕಲಂ ಮಧ್ಯಸ್ಥಿಕೆಯ ಕಲಂ ಹೌದೋ ಅಲ್ಲವೋ ಅನ್ನೋದೇ ಅಲ್ಲೊಂದು ದೊಡ್ಡ ಪ್ರಶ್ನೆ ಆಯ್ತು. 2007ರಲ್ಲಿ ಸುಪ್ರೀಂ ಕೋರ್ಟ್ ನಿಗಮದ ಆ ವಾದವನ್ನು ಒಪ್ಪಲಿಲ್ಲ, ಯಾಕಂದ್ರೆ ನಿಗಮವೂ ಮಧ್ಯಸ್ಥರ ಮುಂದೆ ಹಾಜರಾಗಿತ್ತು. ಆದ್ರೆ ಬಡ್ಡಿಯನ್ನು ಶೇ 18ರಿಂದ 9ಕ್ಕೆ ಇಳಿಸಿತು. ದೆಹಲಿವರೆಗೆ ಹೋಗುವ ಶಕ್ತಿ ಇದ್ದವರಿಗೆ ಆ ದಾರಿ. ಮಿಕ್ಸರ್ ಮಾರಿದ ಕಾಕಾನಿಗೆ ಬೆಳಗಾವಿಯೇ ದೂರ.

ಅದಕ್ಕೇ ಹೇಳೋದು, ಈ ಜಗಳ ಬಿಡಿಸುವ ಒಳ್ಳೆಯ ಹೊತ್ತು ಗುಂಡಿ ತೋಡುವ ಮೊದಲು. ಟೆಂಡರ್ ಹಾಕುವಾಗಲೇ ಕಾಗದಗಳನ್ನು ಪಕ್ಕಪಕ್ಕ ಇಟ್ಟು ಓದಿ. ವ್ಯತ್ಯಾಸ ಕಂಡ್ರೆ ಬಿಡ್ ಪೂರ್ವದಲ್ಲೇ ಪ್ರಶ್ನೆ ಹಾಕಿ. ಆಗ ಬರುವ ತಿದ್ದುಪಡಿ ಎಲ್ಲ ಬಿಡ್ಡುದಾರರಿಗೂ ಒಂದೇ. "ಈಗ ಕೇಳಿದ್ರೆ ಕೆಲಸ ತಪ್ಪುತ್ತೆ, ಆಮೇಲೆ ಎಕ್ಸ್‌ಟ್ರಾ ಹೊಡೆಯೋಣ" ಅನ್ನೋ ಜಾಣತನ ಬೇಡ. ಕಂಡೂ ಸುಮ್ಮನಿದ್ದವನ ಮಾತಿಗೆ ಆಮೇಲೆ ತೂಕ ಇರೋದಿಲ್ಲ.

ಕೆಲಸದ ನಡುವೆ ಕಂಡ್ರೆ ಒಂದು ಪತ್ರ. ಆವತ್ತು ನಾನು ಬರೆಯಬೇಕಾಗಿದ್ದ ಪತ್ರ ಇದು:

"ಡ್ರಾಯಿಂಗ್‌ನಲ್ಲಿ ಪಾಯದ ಆಳ 1.2 ಮೀಟರ್ ಇದೆ. ಸ್ಪೆಸಿಫಿಕೇಷನ್‌ನಲ್ಲಿ ಗಟ್ಟಿ ನೆಲದವರೆಗೆ ಎಂದಿದೆ. ಸ್ಥಳದಲ್ಲಿ 1.2 ಮೀಟರಿಗೆ ಎರೆ ಮಣ್ಣೇ ಇದೆ. ಕರಾರಿನ ಆದ್ಯತಾ ಕ್ರಮದಂತೆ ಸ್ಪೆಸಿಫಿಕೇಷನ್ ಪಾಲಿಸಬೇಕೆಂದು ತಿಳಿದಿದ್ದೇವೆ. ಇದನ್ನು ಮತ್ತು ಹೆಚ್ಚಿನ ಪ್ರಮಾಣದ ಅನುಮೋದನೆಯನ್ನು ಲಿಖಿತವಾಗಿ ತಿಳಿಸಿ. ಗುಂಡಿ ಮುಚ್ಚುವ ಮೊದಲು ಜಂಟಿ ಅಳತೆ ದಾಖಲಿಸಿ."

ಐದು ಸಾಲು ಮುಖ್ಯ ವಿಷಯ, ಕೊನೆಗೆ ಅಳತೆಯ ಒಂದು ಸಾಲು. ಅದರ ಮೇಲೆ ಕಚೇರಿಯ ಒಂದು ಸ್ವೀಕೃತಿ ಮುದ್ರೆ, ಜೊತೆಗೆ ತಾರೀಖು ಕಾಣುವ ಹಾಗೆ ಟೇಪ್ ಇಟ್ಟು ತೆಗೆದ ಎರಡು ಫೋಟೋ. ಉತ್ತರ ಬರದಿದ್ರೂ ಆ ಪತ್ರ ಮಾತಾಡುತ್ತೆ. ಇಂಜಿನಿಯರ್ ಬಾಯಿಮಾತಿನಲ್ಲಿ ಹೇಳಿದ್ರೆ ಅವತ್ತೇ ಸಂಜೆ "ತಾವು ಇವತ್ತು ಸ್ಥಳದಲ್ಲಿ ಹೀಗೆ ಸೂಚಿಸಿದಿರಿ" ಅಂತ ಒಂದು ಸಾಲು ಬರೆದು ಕಳಿಸಿ. ಇದು ಜಗಳ ಅಲ್ಲ, ನೆನಪು.

ಇದು ಗುತ್ತಿಗೆದಾರರ ವಿಷಯ, ನಮಗೇನು ಅಂತ ಕೇಳ್ತೀರಾ? ಆ ಕೊಠಡಿಯಲ್ಲಿ ಕೂರೋದು ನಿಮ್ಮ ಮಕ್ಕಳು. ಕಾಗದ ಜಗಳ ಆಡಿದಾಗ ಎಷ್ಟೋ ಕಡೆ ಗೆಲ್ಲೋದು ಅಗ್ಗದ ಕಾಗದ. 2005ರ ಮಾಹಿತಿ ಹಕ್ಕು ಕಾಯ್ದೆಯ ಕೆಳಗೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಸ್ಪೆಸಿಫಿಕೇಷನ್, ಡ್ರಾಯಿಂಗ್, ಬಿಓಕ್ಯು ಮೂರರ ಪ್ರತಿ ಕೇಳಬಹುದು. ಪ್ರತಿಯ ಖರ್ಚು ಬೇರೆ. ಅಷ್ಟೇ ಅಲ್ಲ, ಕಾಮಗಾರಿ ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಅದೇ ಕಾಯ್ದೆಯಲ್ಲಿದೆ. ಮೂರೂ ಕಾಗದ ಪಕ್ಕಪಕ್ಕ ಇಡಿ. ಪಾಯದ ಆಳ, ಕಾಂಕ್ರೀಟಿನ ದರ್ಜೆ, ಕಬ್ಬಿಣದ ಗಾತ್ರ, ಈ ಮೂರನ್ನು ಮಾತ್ರ ಹೋಲಿಸಿ ನೋಡಿ. ಇದಕ್ಕೆ ಇಂಜಿನಿಯರಿಂಗ್ ಓದಿರಬೇಕಂತಿಲ್ಲ.

ಹೋದ ವರ್ಷ ಒಂದು ವರದಿಗೆ ಅಂತ ಬೈಲಹೊಂಗಲದ ಕಡೆ ಹೋದಾಗ ಆ ಶಾಲೆಯ ಮುಂದೆ ಕಾರು ನಿಲ್ಲಿಸಿದೆ. ಸುತ್ತಲಿನ ಎರೆ ಹೊಲ ಬಿರುಕು ಬಿಟ್ಟಿತ್ತು. ಕೊಠಡಿಯ ಗೋಡೆಯಲ್ಲಿ ಒಂದು ಸೀಳು ಇರಲಿಲ್ಲ. ಕಾಕಾಗೆ ಫೋನ್ ಮಾಡಿ ಹೇಳಿದೆ. ಅವರು ಸರ್ಕಾರಿ ಕೆಲಸ ಬಿಟ್ಟು ಬಹಳ ವರ್ಷ ಆಯ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಟ್ಟಿ ಹತ್ತೂತನಕ ಹೋಗಿದ್ವಲ್ಲೋ ತಮ್ಮಾ" ಅಂದ್ರು.

ಗೋಡೆ ನಿಂತಿದೆ. ದುಡ್ಡು ಬರಲಿಲ್ಲ. ನಡುವೆ ಇದ್ದಿದ್ದು ನಾನು ಬರೆಯದ ಒಂದು ಪತ್ರ. ನೀವು ಬರೀರಿ.